ಬೂದು ಬಣ್ಣ, ನಂಬರ್ ಎಂಟು

ಹಿಂದಿನ ಕಾಲದ ಕೋಟೆ ಕಾವಲುಗಾರರು ಆನೆಯೇ ಬಂದು ನಿಂತರೂ ಊರು-ಹೆಸರು ಕೇಳದೆ ಬಾಗಿಲು ತೆಗೆಯುತ್ತಿರಲಿಲ್ಲವಂತೆ. ಆ ವಂಶದ ಕೊನೆಯ ಕುಡಿ ಎಂದರೆ ನಿಘಂಟು ಕಚೇರಿಯ ಬಣ್ಣದ ಮೇಷ್ಟ್ರು. ಯಾರ ಮೇಜಿನ ಹತ್ತಿರ ಹೋದರೂ ಕೂತ ಮನುಷ್ಯನಿಗೆ ನಮಸ್ಕಾರ ಹೇಳುವ ಮೊದಲು ಅವರ ಕಂಪ್ಯೂಟರಿನ ಪರದೆಯನ್ನು ವಿಚಾರಿಸಿಕೊಳ್ಳುವುದು ಅವರ ಹುಟ್ಟುಗುಣ. ಒಂದು ಸಾಲು ಟೈಪು ಮಾಡಿದರೆ ಪರದೆ ತನ್ನ ಹೆಸರು ಹೇಳುತ್ತದೆ, ತನಗೆ ಎಷ್ಟು ಬಣ್ಣ ಬರುತ್ತದೆಂದೂ ಹೇಳುತ್ತದೆ: ಎಂಟು, ಹದಿನಾರು, ಇನ್ನೂರೈವತ್ತಾರು. ಮೇಷ್ಟ್ರು ತಲೆದೂಗಿ, ಆಮೇಲೆ ಮನುಷ್ಯರ ಕಡೆ ತಿರುಗುತ್ತಿದ್ದರು. ಒಮ್ಮೆ ಲಿಫ್ಟು ಹತ್ತುವಾಗಲೂ ಅದರ ಹೆಸರು ಕೇಳಿದರೆಂದು ಗುಮಾಸ್ತರು ಆಣೆ ಮಾಡಿ ಹೇಳುತ್ತಿದ್ದರು.

ಮನೆಯಲ್ಲಿ ಈ ಕೀರ್ತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕಪ್ಪು ಕಾಲುಚೀಲ ಹಾಕಿಕೊಂಡು ಹೊರಡುವವರನ್ನು ಬಣ್ಣದ ಮೇಷ್ಟ್ರು ಅಂತ ಕರೆದವರ ಕಣ್ಣನ್ನೇ ಮೊದಲು ಪರೀಕ್ಷಿಸಬೇಕು ಎಂಬುದು ಅವರ ಹೆಂಡತಿಯ ತೀರ್ಪು.

ಕಚೇರಿಯಲ್ಲಿ ಎಲ್ಲರೂ ಬರೆಯುತ್ತಿದ್ದುದು ಅಕ್ಷರಗಳನ್ನು ಬಿಟ್ಟು ಬೇರೇನೂ ತೋರಿಸದ ಕಪ್ಪು ಪರದೆಯ 'ಎಡಿಟರ್' ಎಂಬ ತಂತ್ರಾಂಶದಲ್ಲಿ. ಚಿತ್ರವಿಲ್ಲ, ಮೌಸಿಲ್ಲ. ಆ ಕತ್ತಲಿಗೆ ಬಣ್ಣ ಕೊಟ್ಟವರು ಮೇಷ್ಟ್ರು. ಪದ ಬಿಳಿ, ಅರ್ಥ ಹಸಿರು, ಸಂಪಾದಕರು ಪಕ್ಕದಲ್ಲಿ ಬರೆದಿಡುವ ಟಿಪ್ಪಣಿ ಹಳದಿ. ಹಳದಿ ಕಣ್ಣಿಗೆ ಚುಚ್ಚುತ್ತದೆ ಎಂದು ದೂರು ಬಂದಾಗ, ಎಂಟು ತಿಂಗಳ ಹಿಂದೆ, ಟಿಪ್ಪಣಿಗೆ ತಂಪಾದ ಬೂದು ಬಣ್ಣ ಉಡಿಸಿದರು. ಎಲ್ಲರೂ ಹೊಗಳಿದರು.

ಕಿಟಕಿ ಪಕ್ಕದ ಕರಡು ತಿದ್ದುವ ಅಕ್ಕ ಮಾತ್ರ ಹೊಗಳಲಿಲ್ಲ, ಬೈಯಲೂ ಇಲ್ಲ. ಟಿಪ್ಪಣಿಯಲ್ಲಿ ಹೇಳಿದ್ದನ್ನು ಸರಿಪಡಿಸಿ ಅಚ್ಚಿಗೆ ಕಳಿಸುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ದಪ್ಪ ಅಕ್ಷರದ ತಮ್ಮ ಹಳೇ ಪರದೆಯನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಈಗೀಗ ಅವರ ಕೈಯಿಂದ ತಪ್ಪುಗಳು ನುಸುಳತೊಡಗಿದವು. ಕೊನೆಗೊಂದು ದಿನ ಅಚ್ಚಾಗಿ ಬಂದ ಪುಟದಲ್ಲಿ ಆಮೆ ಎಂದರೆ 'ಉದ್ದ ಕಿವಿಯ, ಅತಿ ವೇಗವಾಗಿ ಓಡುವ ಪ್ರಾಣಿ' ಎಂದಿತ್ತು. 'ಮೊಲದ ಅರ್ಥ ಇಲ್ಲಿ ಬಂದು ಕೂತಿದೆ, ಬದಲಿಸಿ' ಎಂದು ತಾವು ಟಿಪ್ಪಣಿ ಬರೆದೇ ಇದ್ದೆವೆಂದು ಪ್ರಧಾನ ಸಂಪಾದಕರು ಕೆಂಡವಾದರು. ಅಕ್ಕನ ಕಣ್ಣು ಮಂಜಾಗಿದೆ, ಸೋಮವಾರದಿಂದ ಅವರು ಹಳೇ ಚೀಟಿಗಳ ಕೋಣೆಗೆ ಹೋಗಲಿ ಎಂದರು. ಕಣ್ಣು ನೆಟ್ಟಗಿದೆಯೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಅಕ್ಕ ತಂದು ತೋರಿಸಿದರೂ ಅವರ ಮನಸ್ಸು ಕರಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಕ್ಕ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ಮೇಷ್ಟ್ರು ಬಂದರು. ಅಭ್ಯಾಸಬಲದಿಂದ ಪರದೆಯನ್ನೇ ಮೊದಲು ಕೇಳಿದರು. ಇನ್ನೂರೈವತ್ತಾರು ಬಣ್ಣ ಬರುತ್ತೆ ಎಂದಿತು ಪರದೆ.

"ಅದನ್ನೇನು ಕೇಳ್ತೀರಿ ಮೇಷ್ಟ್ರೇ, ನಾನಿಲ್ಲಿ ಕೂತಿದೀನಿ," ಎಂದರು ಅಕ್ಕ. "ಅದು ಬೆನ್ನು ತಟ್ಟಿಸಿಕೊಳ್ಳೋಕೆ ಏನು ಬೇಕಾದ್ರೂ ಹೇಳುತ್ತೆ."

"ನಿಮಗೇನು ಕಾಣ್ತಿದೆ ಹೇಳಿ ಅಕ್ಕ."

"ಏನೂ ಕಾಣಲ್ಲ. ಟಿಪ್ಪಣಿ ಬರೆಯೋದನ್ನೇ ಬಿಟ್ಟಿದಾರೆ ಅಂದ್ಕೊಂಡಿದ್ದೆ. ಆದ್ರೆ ಒಂದು ವಿಚಿತ್ರ ಇದೆ. ಖಾಲಿ ಸಾಲಲ್ಲಿ ಕರ್ಸರ್ ಒಂದೊಂದೇ ಹೆಜ್ಜೆ ಇಟ್ಕೊಂಡು ನಡೆಯುತ್ತೆ. ಏನೂ ಇಲ್ದಿರೋ ಕಡೆ ಅದು ಹೆಂಗೆ ನಡೆಯುತ್ತೆ?"

ಮೇಷ್ಟ್ರ ಕಿವಿ ನೆಟ್ಟಗಾಯಿತು. ಅಕ್ಕನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾವೇ ಕೂತರು. ಬಾಣದ ಕೀಲಿ ಒತ್ತಿದರು. ಖಾಲಿ ಸಾಲಿನ ಮೇಲೆ ಕರ್ಸರ್ ಕುರುಡನ ಕೋಲಿನಂತೆ ತಡವುತ್ತ ನಡೆಯಿತು. ಸರಿಯಾಗಿ ಮೂವತ್ತು ಹೆಜ್ಜೆ ನಡೆದು ನಿಂತಿತು. ಅಲ್ಲಿ ಅಕ್ಷರಗಳಿದ್ದವು. ಪರದೆಯೇ ಅವನ್ನು ಮುಚ್ಚಿಟ್ಟಿತ್ತು.

ಅವರು ಕಪಾಟಿನಿಂದ ಆ ಪರದೆಯ ಹಳೇ ಕೈಪಿಡಿ ತೆಗೆದು ಧೂಳು ಕೊಡವಿದರು. ಬೂದು ಬೇಕೆಂದರೆ ಎಡಿಟರು ಪರದೆಗೆ ಮೂರು ಅಂಕಿ ಕಳಿಸುತ್ತದೆ: ಮೂವತ್ತೆಂಟು, ಐದು, ಎಂಟು. ಹೊಸ ಪರದೆಗಳು ಮೂರನ್ನೂ ಒಟ್ಟಿಗೆ ಓದಿ 'ಎಂಟನೇ ನಂಬರಿನ ಬಣ್ಣ' ಎಂದು ತಿಳಿಯುತ್ತವೆ. ಅಕ್ಕನ ಪರದೆ ಎಂಟೇ ಬಣ್ಣದ ಕಾಲದ್ದು. ಒಂದೊಂದೇ ಅಂಕಿ ಓದುತ್ತದೆ. ಮೂವತ್ತೆಂಟು ಅದಕ್ಕೆ ಗೊತ್ತಿಲ್ಲ, ಬಿಟ್ಟಿತು. ಐದು ಎಂದರೆ ಅದರ ಪ್ರಕಾರ ಮಿನುಗಿಸು. ಎಂಟು ಎಂದರೆ ಅಡಗಿಸು. ವಿಧೇಯ ಸೇವಕನಂತೆ ಎಂಟು ತಿಂಗಳಿಂದ ಅದು ಪ್ರತಿಯೊಂದು ಟಿಪ್ಪಣಿಯನ್ನೂ ಅಡಗಿಸಿಟ್ಟು, ಯಾರಿಗೂ ಕಾಣದಂತೆ ಮಿನುಗಿಸುತ್ತಿತ್ತು.

ಹಾಗಾದರೆ ಎಂಟು ಬಣ್ಣದ ಈ ಮುದಿ ಪರದೆ ಇನ್ನೂರೈವತ್ತಾರು ಎಂದು ಜಂಬ ಕೊಚ್ಚಿದ್ದೇಕೆ? ಪರದೆ ಶುರುವಾದಾಗ ಮೊದಲು ಓದಿಕೊಳ್ಳುವ ಆರಂಭದ ಕಡತವನ್ನು ಮೇಷ್ಟ್ರು ತೆರೆದರು. ಮೇಲಿನ ಸಾಲಿನಲ್ಲಿ ಇನ್ನೂರೈವತ್ತಾರು ಬಣ್ಣದ ಬೇರೊಂದು ಪರದೆಯ ಹೆಸರಿತ್ತು; ಕಲಿಸಿದ್ದನ್ನೇ ಇದು ಒಪ್ಪಿಸಿತ್ತು. ಆಮೇಲೆ ಆ ಸಾಲನ್ನು ತಿದ್ದಿ ಪರದೆಗೆ ಅದರ ನಿಜವಾದ ಹೆಸರು ಬರೆದರು. ಎಡಿಟರು ತನ್ನಷ್ಟಕ್ಕೆ ಎಂಟು ಬಣ್ಣಕ್ಕೆ ಇಳಿಯಿತು, ಅದರಲ್ಲಿ ಬೂದು ಇಲ್ಲದ್ದರಿಂದ ಟಿಪ್ಪಣಿಗಳು ಮತ್ತೆ ಹಳದಿಯಾಗಿ ಒಮ್ಮೆಲೇ ಎದ್ದು ಬಂದವು. ಅಕ್ಕ ಬಗ್ಗಿ ನೋಡಿ, ಇಷ್ಟು ಜನ ಇಲ್ಲೇ ಇದ್ರಾ ಎಂದರು.

ಸುದ್ದಿ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಪರದೆಯ ಹೊಟ್ಟೆಯೊಳಗಿನ ಸುಳ್ಳನ್ನು ಮೇಷ್ಟ್ರು ಮೂಸಿಯೇ ಹಿಡಿದರೆಂದು ಗುಮಾಸ್ತರು ಆಗಲೇ ಮಹಡಿ ಮಹಡಿಗೆ ಸಾರುತ್ತಿದ್ದರು. ಪ್ರಧಾನ ಸಂಪಾದಕರು ಖುದ್ದಾಗಿ ಇಳಿದು ಬಂದರು. ಅಕ್ಕನ ಕಡೆ ನೋಡದೆಯೇ, ಅವರು ಇಲ್ಲೇ ಇರಲಿ ಎಂದರು. ಅಕ್ಕ ಖಾನೆಗೆ ಪೆನ್ಸಿಲುಗಳನ್ನು ಒಂದೊಂದಾಗಿ, ಬೇಕೆಂದೇ ಸದ್ದು ಮಾಡುತ್ತ ವಾಪಸು ಹಾಕತೊಡಗಿದರು.

"ಎಂಟು ತಿಂಗಳಿಂದ ಯಾರಿಗೂ ಹೊಳೀಲಿಲ್ಲ," ಎಂದರು ಪ್ರಧಾನ ಸಂಪಾದಕರು. " ನೀವು ಒಂದೇ ಸಲಕ್ಕೆ ಅದು ಹೇಗೆ ಹಿಡಿದ್ರಿ ಮೇಷ್ಟ್ರೇ? ಆ ಕಡತದಲ್ಲಿ ಸುಳ್ಳು ಹೆಸರು ಬರೆದ ಮಹಾನುಭಾವ ಯಾರು ಅಂತಾನೂ ಗೊತ್ತಾಯ್ತಾ?"

ಮೇಷ್ಟ್ರು ಕೈಪಿಡಿಯನ್ನು ಮುಚ್ಚಿ, ತಮ್ಮ ಕಾಲುಚೀಲದ ಕಡೆ ನೋಡಿಕೊಂಡರು.

"ನಾನೇ ಸರ್. ನನ್ನ ಕಡತಾನೇ ಎಲ್ಲರ ಮೇಜಿಗೂ ಕಾಪಿ ಮಾಡಿದ್ದೆ."