ರಜಿಯಾ ಆಪಾರ ತೋರುಬೆರಳು

ರಜಿಯಾ ಆಪಾ ಐಸಿಯುಗೆ ಕಾಲಿಟ್ಟರೆ ಮೊದಲು ಮಾನಿಟರ್ ನೋಡುತ್ತಿರಲಿಲ್ಲ. ಮೇಲೆ ತೂಗುವ ಸಲೈನ್ ಬಾಟಲಿಗೆ ಬಲಗೈಯ ತೋರುಬೆರಳು ಹಚ್ಚಿ, ನಳಿಗುಂಟ ಇಳಿಯುತ್ತ, ಪೇಷಂಟಿನ ಚರ್ಮದವರೆಗೆ ಬರುತ್ತಿದ್ದರು. ಒಬ್ಬೊಬ್ಬರಿಗೆ ಐದಾರು ನಳಿ. ಒಂದನ್ನೂ ಬಿಟ್ಟವರಲ್ಲ. ಬೀದರಿನ ಆ ಆಸ್ಪತ್ರೆಯಲ್ಲಿ ಅವರು ಎಲ್ಲರಿಗಿಂತ ಹಿರಿಯ ಸಿಸ್ಟರ್. ನಾನು ಔರಾದದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹೊಸಬಳು.

ಮೊದಲ ದಿನವೇ ಮೇಜಿನ ಹತ್ತಿರ ಕುಳಿತು, ಬರೆದಿಟ್ಟ ಕಾಗದ ನೋಡಿಯೇ ಡ್ಯೂಟಿ ವಹಿಸಿಕೊಳ್ಳಲು ಹೋಗಿ ಮಂಗಳಾರತಿ ಮಾಡಿಸಿಕೊಂಡೆ.

"ಏಳು ಬೇಟಾ. ಕಾಗದಕ್ಕ ಜ್ವರ ಬರಂಗಿಲ್ಲ. ಮಂಚದ ಹಂತ್ಯಾಕ ಹೋಗಿ ತಗೋ."

ಡ್ಯೂಟಿ ಮುಗಿಸುವವಳು, ಹಿಡಿಯುವವಳು ಇಬ್ಬರೂ ಮಂಚದ ಪಕ್ಕ ನಿಂತು, ಪ್ರತಿ ನಳಿಯ ಮೇಲೆ ಬೆರಳಾಡಿಸಿ, ಅದರಲ್ಲಿ ಏನು ಹೋಗುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕು. ನನ್ನ ಬಸ್ಸು ತಪ್ಪಿದರೂ ಸರಿಯೇ. ಮನಸ್ಸಿನಲ್ಲೇ ಅವರನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಎರಡನೇ ವಾರ, ಒಂದು ಮಧ್ಯಾಹ್ನ, ಭಾಲ್ಕಿಯ ಶಿಕ್ಷಕಿಯೊಬ್ಬರಿಗೆ ಇಂಜೆಕ್ಷನ್ ಕೊಡಬೇಕಿತ್ತು. ಅವಸರದಲ್ಲಿ ಕೈಗೆ ಸಿಕ್ಕ ನಳಿಗೆ ಸಿರಿಂಜು ಹಚ್ಚಿದೆ. ಹಿಂದಿನಿಂದ ಬಂದು ಆಪಾ ನನ್ನ ಮಣಿಕಟ್ಟು ಹಿಡಿದರು. ದನಿ ಏರಿಸಲಿಲ್ಲ.

"ಒತ್ತಬ್ಯಾಡ. ಬೆರಳಿಡು. ಎಲ್ಲಿಂದ ಬಂದದ ಹೇಳು."

ಬೆರಳಿಟ್ಟು ಮೇಲೇರಿದೆ. ನಳಿ ಹೋಗಿ ಮುಟ್ಟಿದ್ದು ಬಿಪಿ ಏರಿಸುವ ಔಷಧಿಯ ಪಂಪಿಗೆ. ಹನಿಹನಿಯಾಗಿ ಹೋಗಬೇಕಾದ ಔಷಧಿ ಅದು. ನಾನು ಒತ್ತಿದ್ದರೆ ನಳಿಯಲ್ಲಿದ್ದದ್ದೆಲ್ಲ ಒಮ್ಮೆಲೇ ಒಳನುಗ್ಗಿ ಆಕೆಯ ಜೀವಕ್ಕೇ ಕುತ್ತು ಬರುತ್ತಿತ್ತು. ಸಿರಿಂಜು ಬಿಚ್ಚಿ ತೆಗೆದೆ. ಅಳು ಬಂತು.

"ಮನಿಗಿ ಹೋಗಿ ಅಳು. ಮೊದಲು ಇದನ್ನ ರಿಪೋರ್ಟಿನಾಗ ಬರಿ."

"ಏನೂ ಆಗಿಲ್ಲಲ್ರಿ ಆಪಾ?"

"ಇವತ್ತ ನಾ ಇದ್ದೆ. ನಾಳಿ ಇನ್ನೊಬ್ಬಾಕಿ ಹಿಂಗ ಮಾಡುವಾಗ ನಾ ಚಹಾ ಕುಡೀಲಿಕ್ಕ ಹೋಗಿರ್ತೇನಿ."

ಮರುದಿನದಿಂದ ಅಂಥ ನಳಿಗಳಿಗೆಲ್ಲ ಕೆಂಪು ಪಟ್ಟಿ ಸುತ್ತಿಸಿದರು. ಅದಕ್ಕೆ ನನ್ನ ಊರಿನ ಮೇಲೆ ಅವರಿಟ್ಟ ಹೆಸರು 'ಔರಾದ ಪಟ್ಟಿ'. ಆ ಹೆಸರು ಹೇಳಿ ಎಲ್ಲರೂ ನನ್ನನ್ನು ವರ್ಷಗಟ್ಟಲೆ ಕಾಡಿಸಿದರು. ಈಗ ನನಗೆ ಅದೇ ದೊಡ್ಡ ಹೆಮ್ಮೆ.

ನಿವೃತ್ತರಾಗಿ ನೌಬಾದದ ಮನೆ ಸೇರಿದ್ದ ಆಪಾ, ಹೋದ ವರ್ಷ ಆಪರೇಷನ್ ಆಗಿ ಅದೇ ಐಸಿಯುಗೆ ಪೇಷಂಟಾಗಿ ಬಂದರು. ಬಾಯಿಗೆ ಮಾಸ್ಕ್, ಮಾತಿಲ್ಲ. ಕಣ್ಣು ಮಾತ್ರ ತಪಾಸಣೆಗೆ ಬಂದವರ ಹಾಗೆ ಸುತ್ತ ತಿರುಗುತ್ತಿದ್ದವು. ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹೊಸ ಹುಡುಗಿ ಇಂಜೆಕ್ಷನ್ ಹಿಡಿದು ಬಂದಳು. ಇವರು ಯಾರೆಂದು ಅವಳಿಗೆ ಗೊತ್ತಿಲ್ಲ. ಕಲಿಸಿದ್ದೇನೋ ಕಲಿಸಿದ್ದೆ, ತಲೆಗೆ ಹತ್ತಿತ್ತೋ ಇಲ್ಲವೋ.

ಆಪಾ ಹಾಸಿಗೆಯಿಂದ ತೋರುಬೆರಳು ಎತ್ತತೊಡಗಿದರು. ಅಷ್ಟರಲ್ಲಿ ಹುಡುಗಿಯ ಬೆರಳು ಬಾಟಲಿ ಮುಟ್ಟಿ ನಳಿಗುಂಟ ಕೆಳಗಿಳಿಯುತ್ತಿತ್ತು.

"ಇದು ಸಲೈನ್ ರೀ ಅಮ್ಮಾ. ಇದು ಔರಾದ ಪಟ್ಟಿ, ಇದರಾಗ ಬ್ಯಾರೆ ಏನೂ ಹಾಕಂಗಿಲ್ರಿ."

ಆಪಾರ ಬೆರಳು ಹಾಸಿಗೆಗೆ ಇಳಿಯಿತು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋದರು. ಆ ಐಸಿಯುವಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.