ಚಿಕ್ಕಬೊಮ್ಮನ ಕೈಗೆ ಬಂದ ಕೊಳ್ಳಿ

ಚಿಕ್ಕಬೊಮ್ಮ ಒಲೆಗೆ ಕೊಳ್ಳಿ ದೂಡುತ್ತಿರಲಿಲ್ಲ. ಹನೂರಿನ ಅವನ ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಇತ್ತು. ಅದು ಕೈಕೊಟ್ಟ ದಿನ ತಣ್ಣನೆಯ ಮುದ್ದೆಯನ್ನು ನೀರಲ್ಲಿ ಕಿವುಚಿ ಕುಡಿಯುತ್ತಿದ್ದ. ಬೀಡಿ ಹಚ್ಚಿಕೊಳ್ಳಲೆಂದು ಹೋಟೆಲಿನ ಶಿವಮಲ್ಲಪ್ಪ ಉರಿಯುವ ಕೊಳ್ಳಿ ಎಳೆದುಕೊಟ್ಟರೆ ಹಿಂದಕ್ಕೆ ಸರಿಯುತ್ತಿದ್ದ.

"ಏನ್ಲಾ ಬೊಮ್ಮ, ಕಾಡಲ್ಲಿ ಉಟ್ಟಿ ಬೆಂಕಿಗೆ ಎದರ್ತೀಯಲ್ಲೋ!" ಎಂದು ಶಿವಮಲ್ಲಪ್ಪ ನಗುತ್ತಿದ್ದ. ಬೊಮ್ಮ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋಗುತ್ತಿದ್ದ. ಯಾಕೆಂದು ಗೊತ್ತಿದ್ದವರು ನಗುತ್ತಿರಲಿಲ್ಲ.

ಅವನು ಮಹದೇಶ್ವರ ಬೆಟ್ಟದ ಹಿಂದಿನ ಜೇನುಗುಂಡಿ ಪೋಡಿನ ಸೋಲಿಗ. ಪೋಡೆಂದರೆ ಕಾಡೊಳಗಿನ ಒಂದಷ್ಟು ಗುಡಿಸಲು, ಅಷ್ಟೇ. ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗ ಅವನು ಸ್ಲೇಟಿನ ಮೇಲಿನ ತಮಿಳು ಅಕ್ಷರ ಅಳಿಸಿ ಕನ್ನಡ ತಿದ್ದಿದ. ಮುಂದೆ ಸರ್ಕಾರ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವ ಕೆಲಸಕ್ಕೆ ಹುಡುಗರನ್ನು ಹುಡುಕಿದಾಗ ಇವನನ್ನೂ ತೆಗೆದುಕೊಂಡಿತು. ಆ ಪೋಡಿನಿಂದ ಖಾಕಿ ಅಂಗಿ ತೊಟ್ಟವನು ಇವನೇ ಮೊದಲು. ನಾವು ಕೊಳ್ಳೇಗಾಲದ ಹುಡುಗರು ಕಾಡುಕೂಲಿಗಳ ಪರವಾಗಿ ರೇಂಜ್ ಆಫೀಸಿನ ಮುಂದೆ ಧಿಕ್ಕಾರ ಕೂಗಿ, ಮನೆಗೆ ಹೋಗಿ ಬಿಸಿ ಮುದ್ದೆ ಉಣ್ಣುತ್ತಿದ್ದ ಕಾಲ ಅದು. ಅವನು ಮಾತ್ರ ಕಾಡಿನಲ್ಲಿ ಮನೆಮನೆಗೆ ನಡೆಯುತ್ತಿದ್ದ.

ಅರವತ್ತೈದರ ಬೇಸಿಗೆಯಲ್ಲಿ ಜೇನುಗುಂಡಿಗೇ ಸಿಡುಬು ಬಂತು. ಇಬ್ಬರು ಮಕ್ಕಳು ಮಲಗಿದ್ದರು. ಸಿಡುಬನ್ನು ಅಮ್ಮ ಎನ್ನುತ್ತಿದ್ದರು. ಅಮ್ಮ ಬಂದಾಗ ಅಲ್ಲಿ ಒಂದು ರೂಢಿಯಿತ್ತು. ಹಿಂದೊಮ್ಮೆ ಅಮ್ಮ ಬಂದು ಬದುಕಿದವರು ಯಾರಾದರೂ ಮಲಗಿದವರ ಜೊತೆ ಉಳಿಯುತ್ತಿದ್ದರು. ಮಿಕ್ಕವರು ಒಲೆಯಿಂದ ಒಂದೊಂದು ಕೊಳ್ಳಿ ಎಳೆದುಕೊಂಡು, ಒಂದೊಂದು ಸಂಸಾರ ಒಂದೊಂದು ದಿಕ್ಕಿಗೆ ಕಾಡು ಸೇರುತ್ತಿದ್ದರು. ಬೊಮ್ಮ ಪೋಡಿಗೆ ಕಾಲಿಟ್ಟಾಗ ಅವನನ್ನು ಸಾಕಿದ ಸೋದರತ್ತೆ ಕ್ಯಾತಮ್ಮ ಕೊಳ್ಳಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಓಗ್ಬ್ಯಾಡಿ ಅತ್ತೆ. ನೀವು ಚದುರುದ್ರೆ ಕಾಯ್ಲೆನೂ ಚದುರ್ತದೆ. ಇಲ್ಲೇ ಇರಿ, ದಾಕು ತತ್ತೀನಿ."

"ಅಮ್ಮ ಬಂದವ್ಳೆ ಕಣ್ಲಾ. ನಾವು ಜಾಗ ಬುಟ್ಕೊಡ್ಬೇಕು. ಖಾಕಿ ಇಕ್ಕಂಡ್ ತಕ್ಷಣ ರೇಂಜರ್ ತರ ಅಪ್ಪಣೆ ಕೊಡ್ತೀಯಾ?"

"ನಾನು ಸುಳ್ಳು ಯೋಳ್ತೀನಾ ಅತ್ತೆ?"

ಬೊಮ್ಮ ಅವಳ ಕೈಯಿಂದ ಕೊಳ್ಳಿ ಕಿತ್ತುಕೊಂಡು ಮತ್ತೆ ಒಲೆಗೆ ದೂಡಿದ. ಅದನ್ನು ನೋಡಿ ಉಳಿದವರೂ ತಂತಮ್ಮ ಕೊಳ್ಳಿ ಒಳಗೆ ಒಯ್ದರು. ರೇಂಜರ್ ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ. ತಮ್ಮ ಹುಡುಗ ಹೇಳಿದ, ಕೇಳಿದರು.

ಆಗಿನ ಮದ್ದು ನೀರು ಮದ್ದು. ಐಸಿನಲ್ಲಿ ಇಟ್ಟು ತರಬೇಕಿತ್ತು. ಮೈಸೂರಿನಿಂದ ಬಂದ ಫ್ಲಾಸ್ಕಿನಲ್ಲಿ ಐಸು ಕರಗಿ ಮದ್ದು ಕೆಟ್ಟಿತ್ತು. ಇನ್ನೊಂದು ಬರುವವರೆಗೆ ಕಾಯಿ ಎಂದರು ಕೊಳ್ಳೇಗಾಲದ ಆರೋಗ್ಯ ಇಲಾಖೆಯವರು. ಬೊಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತ. ವಾರಗಳೇ ಕಳೆದು, ಅಂತೂ ಮದ್ದು ಹಿಡಿದು ಅವನು ಬೆಟ್ಟ ಹತ್ತಿದಾಗ ಪೋಡಿನ ಮೇಲೆ ಹೊಗೆಯೇ ಇರಲಿಲ್ಲ. ಒಂದು ನಾಯಿಯೂ ಬೊಗಳಲಿಲ್ಲ. ಕ್ಯಾತಮ್ಮ ಒಲೆಯ ಪಕ್ಕದಲ್ಲೇ ಸತ್ತು ಬಿದ್ದಿದ್ದಳು. ಅವನು ದೂಡಿದ ಕೊಳ್ಳಿ ಅರ್ಧ ಸುಟ್ಟು ತಣ್ಣಗಾಗಿತ್ತು. ಇಡೀ ಪೋಡಿನಲ್ಲಿ, ಹಿಂದಿನ ಗುಡಿಸಲಿನಲ್ಲಿದ್ದ ಅವಳ ಮಗ ಮುನಿಯ ಒಬ್ಬನೇ ಉಸಿರಾಡುತ್ತಿದ್ದ. ಕಣ್ಣು ಎರಡೂ ಹೋಗಿದ್ದವು.

ಹೆಜ್ಜೆ ಸಪ್ಪಳ ಕೇಳಿ ಮುನಿಯ ಹೇಳಿದ್ದು ಇಷ್ಟೇ: "ನೀ ಯೋಳ್ದಂಗೇ ಇದ್ವಿ ಕಣಣ್ಣ. ಯಾರೂ ಓಗ್ನಿಲ್ಲ."

ಚದುರಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ, ಇನ್ನೆಷ್ಟು ಪೋಡುಗಳಿಗೆ ಕಾಯಿಲೆ ಹಬ್ಬುತ್ತಿತ್ತೋ, ಯಾರಿಗೂ ಗೊತ್ತಿಲ್ಲ. ಬೊಮ್ಮನಿಗೂ ಗೊತ್ತಾಗಲಿಲ್ಲ. ಅವನನ್ನು ತಿಂದದ್ದು ಅದೇ. ನಾವು ತಾಲ್ಲೂಕು ಕಚೇರಿಯ ಮುಂದೆ ಕೂತು ಗಂಟಲು ಹರಿದುಕೊಂಡೆವು. ಅವನು ಬರಲಿಲ್ಲ. ಸಂಜೆ ಸಿಕ್ಕಾಗ, "ಐಸಿಗೆ ಧಿಕ್ಕಾರ ಕೂಗುದ್ರಾ ಅಣ್ಣ?" ಎಂದ.

ಅವನು ಕೆಲಸ ಬಿಡಲಿಲ್ಲ. ಆದರೆ ಜೇನುಗುಂಡಿಯ ದಾರಿ ಬಿಟ್ಟ. ಅದರ ಆಚೆಗಿನ ಪೋಡುಗಳಿಗೆ ಗುಡ್ಡ ಸುತ್ತಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ನಾನೂ ಜೊತೆಗಿದ್ದೆ. ನಿಂತು, ಪಾಳುಬಿದ್ದ ಜೇನುಗುಂಡಿಯ ಕಡೆ ಕೈ ತೋರಿಸಿದ.

"ಒಲೆ ಅಚ್ಚವ್ರೆ, ಒಗೆ ನೋಡಣ್ಣ."

"ಮಂಜು ಕಣ್ಲಾ ಅದು."

"ಬ್ಯಾಸ್ಗೇಲಿ ಮಂಜಾ?"

ಮತ್ತೆ ನೋಡಿದೆ. ನನಗೆ ಮರಗಳ ಹೊರತು ಏನೂ ಕಾಣಲಿಲ್ಲ.

ಆಮೇಲೆ ಐಸಿನ ಹಂಗಿಲ್ಲದ ಪುಡಿ ಮದ್ದು ಬಂತು. ತುದಿ ಕವಲೊಡೆದ ಸೂಜಿ ಬಂತು. ಹೊನ್ನೂರಿನ ಶಿವರತ್ನಮ್ಮನೂ ಆ ಕೆಲಸಕ್ಕೆ ಬಂದಳು. ಗದ್ದೆ, ತೆಂಗು ಇದ್ದ ಮನೆಯ ಹುಡುಗಿ. ಕಂಡವರ ತೋಳು ಮುಟ್ಟುವ ಕೆಲಸ ಯಾಕೆ ಎಂದು ಅಪ್ಪ ಸದಾಶಿವಪ್ಪ ಮಾತು ಬಿಟ್ಟ. ಬೊಮ್ಮ ಅವಳಿಗೆ ಕಲಿಸಿದ್ದು ಒಂದೇ: "ಮೊದ್ಲು ಸೂಜಿ, ಆಮೇಲೆ ಮಾತು. ಕೈಲಿ ಮದ್ದಿಲ್ದೆ ಯಾರ್ಗೂ ಏನೂ ಯೋಳ್ಬ್ಯಾಡ ಕಣವ್ವ." ಜನರನ್ನು ತಡೆದು ನಿಲ್ಲಿಸದೆ ದಾಕು ಹಾಕಿದನೆಂದು ಮೇಲಿನವರು ಅವನಿಗೆ ಬೈದರು. ಆದರೆ ಹನೂರು, ಯಳಂದೂರು ಕಡೆಯ ಹೊಸ ಹುಡುಗರೆಲ್ಲ ಅವನ ಹಾದಿಯನ್ನೇ ಹಿಡಿದರು.

ಎಪ್ಪತ್ಮೂರರಲ್ಲಿ ಯಳಂದೂರಿನ ಮೇಲಿನ ಕಾಡಿನಲ್ಲಿ, ನೆಲ್ಲಿಗುಡ್ಡ ಪೋಡಿನಲ್ಲಿ ಸಿಡುಬು ಕಾಣಿಸಿಕೊಂಡಿತು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಶಿವರತ್ನಮ್ಮ. ಇವರಿಬ್ಬರು ತಲುಪುವಷ್ಟರಲ್ಲಿ ಜನ ಕೊಳ್ಳಿ ಹಿಡಿದು ಹೊರಟಿದ್ದರಂತೆ. ದಾರಿಯ ಬಾಯಲ್ಲಿ ಮಾದೇವಮ್ಮ ಎಂಬ ಮುದುಕಿ, ಒಂದು ಕಂಕುಳಲ್ಲಿ ಮೊಮ್ಮಗು, ಇನ್ನೊಂದು ಕೈಯಲ್ಲಿ ಕೊಳ್ಳಿ.

"ನೀನು ಜೇನುಗುಂಡಿಯೋನಲ್ವಾ?"

"ಊಂ ಕಣವ್ವ."

"ನಿಮ್ಮೋರ್ನ ನಿಲ್ಲುಸ್ದೋನು. ಈಗ ನಮ್ಮನ್ನ ನಿಲ್ಸಾಕ್ ಬಂದ್ಯಾ?"

ಶಿವರತ್ನಮ್ಮ ಏನೋ ಹೇಳಲು ಹೋದಳು. ಬೊಮ್ಮ ತಡೆದ.

"ಇಲ್ಲ ಕಣವ್ವ, ನಿಲ್ಸಾಕಿಲ್ಲ. ಮದ್ದು ಕೈಲೇ ಅದೆ. ಆಕಿಸ್ಕಂಡು ಓಗಿ. ಬ್ಯಾರೆ ಪೋಡಿಗ್ ಮಾತ್ರ ಓಗ್ಬ್ಯಾಡಿ. ಅಗೋ, ಆ ಮ್ಯಾಲಿನ ಬಂಡೆ ತಾವ ಇರಿ, ನಾನೂ ಅಲ್ಲೇ ಇರ್ತೀನಿ."

"ಸತ್ರೆ?"

"ನಾನು ನೋಡ್ಕಂಡೇ ಇರ್ಬೇಕಾಯ್ತದೆ."

ತೋಳು ಕೊಡಬೇಕೆಂದರೆ ಮುದುಕಿಗೆ ಕೈ ಬಿಡುವಿರಲಿಲ್ಲ. "ಇಡ್ಕ" ಎಂದು ಉರಿಯುವ ಕೊಳ್ಳಿಯನ್ನು ಅವನ ಮುಂದೆ ಚಾಚಿದಳು. ಇವನು ಎಸೆದು ಓಡುತ್ತಾನೆ ಎಂದುಕೊಂಡಳಂತೆ ಶಿವರತ್ನಮ್ಮ. ಎಸೆಯಲಿಲ್ಲ. ಹಿಡಿದ. ಶಿವರತ್ನಮ್ಮ ಮುದುಕಿಗೂ ಮಗುವಿಗೂ ಸೂಜಿ ಚುಚ್ಚಿದಳು. ಕಿಡಿ ಅವನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮುದುಕಿ ಕೈ ಚಾಚಿದಾಗ ಕೊಳ್ಳಿ ವಾಪಸು ಕೊಟ್ಟ. ಅವಳು ಬಂಡೆಯ ದಿಕ್ಕಿಗೆ ನಡೆದಳು.

ಹಿಂದಿನವರೂ ಒಬ್ಬೊಬ್ಬರಾಗಿ ಅವನ ಕೈಗೆ ಕೊಳ್ಳಿ ಕೊಟ್ಟರು, ತೋಳು ಒಡ್ಡಿದರು, ಕೊಳ್ಳಿ ಇಸ್ಕೊಂಡು ಅವಳ ಹಿಂದೆಯೇ ಹೋದರು. ಬೊಮ್ಮನೂ ಹೋದ. ಪೋಡಿನಲ್ಲಿ ಮೊದಲೇ ಮಲಗಿದ್ದವರಲ್ಲಿ ಒಬ್ಬಳು ಸತ್ತಳು. ಬಂಡೆಯ ಬಳಿ ಇದ್ದವರಿಗೆ ಸಿಡುಬು ಏಳಲಿಲ್ಲ.

ಅವನು ಹನೂರಿಗೆ ಹಿಂದಿರುಗಿದ ಮೇಲೆ ಸಿಕ್ಕಿದ್ದೆ. ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳಿದ್ದವು.

"ಜೇನುಗುಂಡಿ ಕಡೆ ಹೊಗೆ ಈಗಲೂ ಕಾಣ್ತದೇನ್ಲಾ?" ಎಂದು ಕೇಳಿದೆ.

"ಕಾಣ್ತದೆ ಕಣಣ್ಣ. ಈಗ ಗುಡ್ಡ ಸುತ್ತಾಕಿಲ್ಲ. ಅದ್ರ ಮಧ್ಯದಲ್ಲೇ ನಡ್ಕಂಡ್ ಓಯ್ತೀನಿ."