ಹನ್ನೆರಡು ರೊಟ್ಟಿಯ ರಜೆ

ನಮ್ಮಪ್ಪನ ರಜೆ ಮಂಜೂರಾಗುವುದು ನಮ್ಮವ್ವನ ಹಂಚಿನ ಮೇಲೆ.

ಅಪ್ಪನ ಹೆಸರು ತಾಯಣ್ಣ. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಜವಾನನಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದ. ವರ್ಷಕ್ಕೆ ಮೂರು ಸಲ ಅವನು ಬೆನ್ನಿಗೆ ಚೀಲ ಹಾಕಿಕೊಂಡು, ಗಾಳ ಹಿಡಿದು, ಒಬ್ಬನೇ ಗುಡ್ಡಕ್ಕೆ ಹೋಗುತ್ತಾನೆ. ಎರಡು ರಾತ್ರಿ ಅಲ್ಲೇ ಮಲಗುತ್ತಾನೆ. ಚೀಲವೆಂದರೆ ಯಾವನೋ ಹುಡುಗ ಶಾಲೆಯಲ್ಲಿ ಮರೆತುಹೋದದ್ದು. ವರ್ಷ ಕಾದರೂ ಯಾರೂ ಕೇಳದಿದ್ದಾಗ ಅಪ್ಪ ಅದನ್ನು ಮನೆಗೆ ತಂದ. ಅದರ ಮೇಲೆ ಈಗಲೂ ಬಣ್ಣ ಮಾಸಿದ ಒಂದು ಕಾರ್ಟೂನು ಕರಡಿ ಇದೆ. ಅರವತ್ತು ದಾಟಿದ ಮನುಷ್ಯ ಬೆನ್ನ ಮೇಲೆ ಕರಡಿ ಹೊತ್ತುಕೊಂಡು ಕರಡಿ ಇರುವ ಗುಡ್ಡಕ್ಕೆ ಹೊರಟನೆಂದು ಓಣಿಯ ಮಂದಿ ನಗುತ್ತಾರೆ. ಅವನೂ ಅವರ ಜೊತೆ ಸೇರಿ ನಗುತ್ತಾನೆ.

ಹೊರಡುವ ಹಿಂದಿನ ದಿನ ಅವ್ವ ಬಸ್ಸಮ್ಮ ಜೋಳದ ರೊಟ್ಟಿ ಬಡಿದು ಕಟಕಟಿ ಒಣಗಿಸುತ್ತಾಳೆ. ಹೊತ್ತಿಗೆ ಎರಡರಂತೆ ಹನ್ನೆರಡು. ಜೊತೆಗೆ ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ. ಶುಕ್ರವಾರ ಮಧ್ಯಾಹ್ನ ತಿನ್ನಲು ಶುರು ಮಾಡಿದರೆ ರವಿವಾರ ಬೆಳಿಗ್ಗೆಗೆ ರೊಟ್ಟಿ ಮುಗಿಯುತ್ತವೆ. ಮುಗಿದ ಮೇಲೆ ಅಪ್ಪ ಗುಡ್ಡ ಇಳಿಯಬೇಕು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು. ಇದನ್ನು ಅವರಿಬ್ಬರೂ ಬಾಯಿಬಿಟ್ಟು ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ. ಒಮ್ಮೆ ಜಗಳದ ಸಿಟ್ಟಿನಲ್ಲಿ ಅವ್ವ ನಾಲ್ಕೇ ರೊಟ್ಟಿ ಕಟ್ಟಿದ್ದಳು. ಅಪ್ಪ ಮರುದಿನ ಬೆಳಗಿನ ಬಸ್ಸಿಗೆ ವಾಪಸು ಬಂದು ಕಟ್ಟೆಯ ಮೇಲೆ ತೆಪ್ಪಗೆ ಕೂತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು. ಬುತ್ತಿ ಕಟ್ಟಿದ ಬಟ್ಟೆ ಬರಿದಾಗಿ ಮನೆಗೆ ತಿರುಗಿ ಬರಬಾರದು. ಅವ್ವ ಇದನ್ನು ತವರು ಮಸರಕಲ್ಲಿನಿಂದ ತಂದದ್ದು. ಹಾಗಾಗಿ ಅಪ್ಪ ಪ್ರತಿ ಸಲ ಆ ಬಟ್ಟೆಯಲ್ಲಿ ಮೀನು ಸುತ್ತಿ ತರುತ್ತಿದ್ದ. ಒಂದಲ್ಲ ಎರಡು, ಅದೂ ದಪ್ಪ ದಪ್ಪನೆಯವು. ಅವ್ವ ಹುರಿದು ಓಣಿಯವರಿಗೂ ಒಂದೊಂದು ತುಂಡು ಹಂಚುತ್ತಿದ್ದಳು. ಗುಡ್ಡಕ್ಕೆ ಹೋಗತೊಡಗಿದ ಇಪ್ಪತ್ತೆರಡು ವರ್ಷದಲ್ಲಿ ಅಪ್ಪನ ಗಾಳ ಒಂದು ಸಲವೂ ಸೋತಿಲ್ಲ ಎಂದು ಓಣಿಯಲ್ಲೆಲ್ಲ ಹೆಸರು. ನಾನಂತೂ ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ಜೊತೆಯ ನರ್ಸುಗಳ ಮುಂದೆ ಈ ವಿಷಯ ಹೇಳಿ ಮೆರೆದಿದ್ದೇನೆ.

ಹೌದು, ನಾನು ನರ್ಸು, ಹೆಸರು ವಿಶಾಖಾ. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ನಾನು ಇಲ್ಲವೆನ್ನುವುದಿಲ್ಲ. ಈ ವರ್ಷದ ಶುರುವಿಗೆ ಅಪ್ಪನಿಗೆ ಶುಗರ್ ಇರುವುದು ಗೊತ್ತಾಯಿತು. ಗುಳಿಗೆ ಶುರುವಾದವು. ನಾನು ಗುಡ್ಡದ ಮಾತು ತೆಗೆದೆ.

“ಯಪ್ಪಾ, ಶುಗರ್ ಇಳಿದು ಬಿದ್ರ ಅಲ್ಲಿ ಯಾರು ಎತ್ತತಾರ? ಫೋನ್ ಹತ್ತಂಗಿಲ್ಲ, ಮನಷ್ಯಾರಿಲ್ಲ.”

“ಮನಷ್ಯಾರಿಲ್ಲ ಅಂತನ ಹೋಗತೀನಿ ಯವ್ವಾ,” ಎಂದ ಅಪ್ಪ. “ಮೂವತ್ತನಾಲ್ಕು ವರ್ಷ ಎಲ್ಲಾರ ಸಲುವಾಗಿ ಗಂಟಿ ಬಾರಿಸೀನಿ. ಅಲ್ಲಿ ಗಂಟಿನೂ ಇಲ್ಲ, ಏ ತಾಯಣ್ಣ ಅಂತ ಕರಿಯವರೂ ಇಲ್ಲ.”

ಈ ಉತ್ತರಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಅವ್ವ ನಡುವೆ ಬಂದು ರಾಜಿ ಮಾಡಿಸಿದಳು. ಆಗಸ್ಟಿನಲ್ಲಿ ಒಂದು ಸಲ ಹೋಗಿ ಬರಲಿ. ರವಿವಾರ ಮಧ್ಯಾಹ್ನದ ಊಟದ ಹೊತ್ತು ಮೀರಿತೋ, ಗುಡ್ಡ ಅವತ್ತಿಗೇ ಬಂದ್. ಕರಡಿ ಚೀಲವನ್ನು ನಾನು ರಾಯಚೂರಿಗೆ ಒಯ್ದುಬಿಡುತ್ತೇನೆ.

“ಮಾತಂದ್ರ ಮಾತು?” ಎಂದೆ.

“ಮಾತಂದ್ರ ಮಾತು,” ಎಂದ ಅಪ್ಪ. ಗಂಟೆಯನ್ನು ಒಂದು ನಿಮಿಷ ಹಿಂದೆ ಮುಂದೆ ಬಾರಿಸದ ಮನುಷ್ಯ ತಡ ಮಾಡುವವನಲ್ಲ ಎಂದು ಅವ್ವನಿಗೆ ಧೈರ್ಯವಿತ್ತು.

ಆ ರವಿವಾರ ನಾನು ರಜೆ ಹಾಕಿ ಮಾನ್ವಿಗೆ ಬಂದಿದ್ದೆ. ಅವ್ವ ಮೀನಿಗೆಂದು ಮಸಾಲೆ ರುಬ್ಬಿ ಇಟ್ಟಿದ್ದಳು. ಹನ್ನೊಂದರ ಬಸ್ಸು ಬಂತು, ಅಪ್ಪ ಬರಲಿಲ್ಲ. ಹನ್ನೆರಡರದೂ ಬಂತು. ಒಂದು ಗಂಟೆಗೆ ಅವ್ವ ಮೂರು ತಾಟು ಹಾಕಿದಳು, ಒಂದೂವರೆಗೆ ಮೂರನ್ನೂ ಎತ್ತಿಟ್ಟಳು.

“ರೊಟ್ಟಿ ಮುಗದಾವ,” ಎಂದಳು ಅಷ್ಟೇ.

ಅವಳ ಮುಖ ನೋಡಿ ನಾನು ಗ್ಲೂಕೋಸ್ ಪೊಟ್ಟಣ, ನೀರಿನ ಬಾಟಲಿ ತುರುಕಿಕೊಂಡು ಸ್ಕೂಟಿ ಹತ್ತಿದೆ. ಅಪ್ಪ ಬಸ್ಸು ಬದಲಾಯಿಸುವುದು ಕವಿತಾಳದಲ್ಲಿ ಎಂಬುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಮೀನು ಮಾರುವ ಗುಡುಸಾಬನಿಗೆ ಮೊಬೈಲಿನಲ್ಲಿ ಅಪ್ಪನ ಫೋಟೋ ತೋರಿಸಿದೆ.

“ತಾಯಣ್ಣ ಮಾಮಾರ ಮಗಳೇನ್ರಿ?” ಎಂದ ಅವನು. “ನಾನೂ ಮುಂಜಾನಿಂದ ಅವರ ದಾರಿ ನೋಡಾಕತ್ತೀನ್ರಿ. ಎರಡು ಕಾಟ್ಲಾ ತಗದು ಐಸಿನಾಗ ಇಟ್ಟೀನಿ.”

“ಅವರಿಗ್ಯಾಕ ನಿಮ್ಮ ಮೀನು? ಅವರೇ ಹಿಡಿತಾರಲ್ರಿ.”

ಗುಡುಸಾಬ ನಾಲಿಗೆ ಕಚ್ಚಿಕೊಂಡ. ಕತ್ತಿಯನ್ನು ಒರೆಸಿದ, ಮತ್ತೆ ಒರೆಸಿದ. ನಾನು ಬಿಡಲಿಲ್ಲ.

“ಎಷ್ಟು ವರ್ಷದಿಂದ?”

“ನಮ್ಮ ಅಬ್ಬಾ ಅಂಗಡಿ ನಡಸೂ ಕಾಲದಿಂದ್ರಿ,” ಎಂದು ಮೆಲ್ಲಗೆ ಹೇಳಿದ. “ಅವರ ಗಾಳಕ್ಕ ಒಂದೂ ಬಿದ್ದಿಲ್ರಿ. ದಾರ ಬಿಟ್ಟು ನಿದ್ದಿ ಮಾಡತಾರಂತ. ಯಾರಿಗೂ ಹೇಳಬ್ಯಾಡ ಅಂದಿದ್ರು.”

ಇಪ್ಪತ್ತೆರಡು ವರ್ಷ! ನಾವು ಚಪ್ಪರಿಸಿ ತಿಂದ ಗುಡ್ಡದ ಮೀನೆಲ್ಲ ಕವಿತಾಳದ ಬಸ್‌ಸ್ಟ್ಯಾಂಡಿನವು. ಅಲ್ಲೇ ಕೆಂಡಾಮಂಡಲವಾದೆ. ಆದರೆ ಸಿಟ್ಟು ಮಾಡಿಕೊಳ್ಳಲೂ ಮೊದಲು ಆ ಮನುಷ್ಯ ಸಿಗಬೇಕಲ್ಲ. ಗುಡುಸಾಬ ದಾರಿ ಹೇಳಿಕೊಟ್ಟ: ದೇವದುರ್ಗದ ರಸ್ತೆಯಲ್ಲಿ ಇಂಥ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮುಂದೆ ಕಲ್ಲಿನ ಮೇಲೆ ಗುರುತು ಇರುತ್ತವೆ, ನೋಡಿಕೊಂಡು ಏರಿ.

ಗುರುತು ಇದ್ದವು. ದುಂಡು ಬಂಡೆಗಳ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಬಾಣಗಳು. ಮಳೆಗಾಲದಲ್ಲಿ ಚಾಕ್‌ಪೀಸು ಎಷ್ಟು ದಿನ ನಿಂತೀತು? ಹೋದಾಗಲೆಲ್ಲ ಹೊಸದಾಗಿ ಬರೆಯುತ್ತಿದ್ದನೆಂದು ಕಾಣುತ್ತದೆ. ಸೀತಾಫಲದ ಪೊದೆಗಳ ನಡುವೆ, ಜಾಲಿಮುಳ್ಳಿಗೆ ಸೀರೆ ಸಿಕ್ಕಿಸಿಕೊಂಡು, ಅಪ್ಪನನ್ನು ಬಯ್ಯುತ್ತ ಏರಿದೆ. ಕಡಿದಾದ ಒಂದು ಕಡೆ ಬಾಣದ ಕೆಳಗೆ ಅಕ್ಷರಗಳಿದ್ದವು: ‘ಇಲ್ಲಿ ಜಾರುತ್ತದೆ. ಎಡಗಡೆಯ ಕಲ್ಲು ಹಿಡಿಯಿರಿ.’

ಶಾಲೆಯ ಫಲಕದ ಮೇಲೆ ದಿನಾ ತಾರೀಖು ಬರೆಯುತ್ತಿದ್ದ ಅದೇ ದುಂಡು ಅಕ್ಷರ. ನಾನು ಎಡಗಡೆಯ ಕಲ್ಲು ಹಿಡಿದು ಅಲ್ಲೇ ನಿಂತೆ. ಈ ದಾರಿಯನ್ನು ಅಪ್ಪ ಕಣ್ಣು ಮುಚ್ಚಿ ಏರುತ್ತಾನೆ. ಹಾಗಿದ್ದರೆ ಇದನ್ನು ಯಾರಿಗೆ ಬರೆದ? ಒಂದು ದಿನ ತನ್ನನ್ನು ಹುಡುಕಿಕೊಂಡು ಬರುವವರಿಗೆ. ಬರುವವಳು ಇನ್ಯಾರು, ನಾನೇ. ಒಬ್ಬನೇ ಇರಲು ಬಂದವನು ನಮಗಾಗಿ ಇಷ್ಟು ದಾರಿ ಮಾಡಿಟ್ಟಿದ್ದ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ಗಟ್ಟಿಯಾಗಿ ಹಿಡಿದುಕೊಂಡೇ ಮುಂದೆ ಏರಿದೆ.

ಮೇಲೆ ಎರಡು ಗುಡ್ಡದ ನಡುವೆ ಸಣ್ಣದೊಂದು ಕೆರೆ. ಅಪ್ಪ ಪ್ಯಾಂಟು ಮಡಿಚಿ ದಂಡೆಯಲ್ಲಿ ಕೂತಿದ್ದ. ಗಾಳ ಸುತ್ತಿ ಪಕ್ಕಕ್ಕಿಟ್ಟಿತ್ತು, ಕೈಯಲ್ಲಿ ಸಣ್ಣ ಸಣ್ಣ ಹರಳುಕಲ್ಲುಗಳಿದ್ದವು.

“ಯಪ್ಪಾ!” ಎಂದು ಕೂಗಿದೆ. ಅವನು ತುಟಿಯ ಮೇಲೆ ಬೆರಳಿಟ್ಟ.

ಓಡಿ ಹೋಗಿ ನಾಡಿ ಹಿಡಿದು ನೋಡಿದೆ. ಅವನ ಅಂಗೈ ಬೆವೆತು ತಣ್ಣಗಿತ್ತು. ಗ್ಲೂಕೋಸ್ ಕಲಸಿ ಕುಡಿಸಿದೆ. ಕುಡಿಯುವಾಗಲೂ ಅವನ ಕಣ್ಣು ನೀರಿನ ಮೇಲೆಯೇ ಇತ್ತು.

“ಮುಂಜಾನಿ ರೊಟ್ಟಿ ತಿಂದೀಯೋ ಇಲ್ಲೋ?”

“ಒಂದು ತಿಂದೀನಿ. ಇನ್ನೊಂದು ಅವಕ್ಕ ಪುಡಿ ಮಾಡಿ ಹಾಕೀನಿ.”

“ಯಾವಕ್ಕ?”

ಅಪ್ಪ ಕೈ ತೋರಿಸಿದ. ದಂಡೆಯ ಹತ್ತಿರ ನೀರಿನ ಮೇಲೆ ಯಾರೋ ಹಿಡಿ ಖಾರಪುಡಿ ಚೆಲ್ಲಿದ ಹಾಗೆ ಕೆಂಪು ಕಾಣುತ್ತಿತ್ತು. ಬಗ್ಗಿ ನೋಡಿದರೆ ನೂರಾರು ಮೀನಿನ ಮರಿಗಳು, ಒಂದನ್ನೊಂದು ಅಂಟಿಕೊಂಡು ಗಿರಗಿರನೆ ತಿರುಗುತ್ತಿದ್ದವು.

“ಕೊರಮೀನಿನ ಮರಿ,” ಎಂದ. “ಮುಂಜಾನಿ ಇನ್ನೇನು ದಾರ ಸುತ್ತಬೇಕು, ಬೆಂಡು ಮುಳುಗಿತು ನೋಡು. ಮೊಳದುದ್ದ ಕೊರಮೀನು ಯವ್ವಾ! ಎಳದು ದಂಡಿಗೆ ಹಾಕಿದೆ. ಕೈಯಾಗ ಹಿಡಕೊಂಡು ಕುಣಿಯಾಕತ್ತಿದ್ದೆ. ಆಮ್ಯಾಲ ಇವು ಕಂಡವು. ಇವನ್ನ ಕಾಯ್ಕೊಂಡು ಇತ್ತದು. ಅದನ್ನ ಎತ್ತಿದ ಕೂಡಲೇ ಬ್ಯಾರೆ ಮೀನು ಬಂದು ಮರಿ ನುಂಗಾಕ ಹತ್ತಿದವು.”

“ಮತ್ತ?”

“ಗಾಳ ಬಿಡಿಸಿ ನೀರಿಗೆ ಬಿಟ್ಟೆ. ತುಟಿ ಹರಿದಿತ್ತು. ಅಂಜಿ ತಳಕ್ಕ ಹೋತು, ಇನ್ನೂ ಬಂದಿಲ್ಲ.” ಅಷ್ಟರಲ್ಲಿ ಮರಿಗಳ ಕಡೆಗೆ ಏನೋ ನುಗ್ಗಿತು. ಅಪ್ಪ ಹರಳು ಎಸೆದ, ಅದು ಹಿಂದೆ ಸರಿಯಿತು. “ಅದು ಬರೂತನ ಕಾಯಬೇಕಲ್ಲ. ಹಿಡದವ ನಾನು.”

ಬೆಳಗಿನಿಂದ ಅವನು ಮಾಡುತ್ತಿದ್ದ ಕೆಲಸ ಇದು.

“ನನಗ ಮಾತು ಕೊಟ್ಟಿದ್ದಿ. ನೆನಪಿತ್ತೇನು?”

“ಇತ್ತು. ಹೊತ್ತು ನೆತ್ತಿಗೆ ಬಂದಾಗ ಎದ್ದು ಚೀಲಾನೂ ಹಾಕ್ಕೊಂಡೆ. ಇದು ಕಡೀ ಸಲ ಅಂತ ಗೊತ್ತಿತ್ತು.” ಇನ್ನೊಂದು ಹರಳು ಆರಿಸಿಕೊಂಡು ಹೇಳಿದ, “ಆಮ್ಯಾಲ ಕೂತೆ.”

ವರ್ಷವಿಡೀ ಅವನಿಗಿದ್ದ ಒಂದೇ ಆಸೆ ಈ ಗುಡ್ಡ. ಅದನ್ನು ಒಂದು ಮೀನಿನ ಮರಿಗಳಿಗಾಗಿ ಬಿಟ್ಟುಕೊಟ್ಟು, ಯಾರಿಗೂ ದೂರು ಹೇಳದೆ ಕೂತಿದ್ದ. ಇಂಥವನ ಮಗಳು ನಾನು ಎಂದು ಹೆಮ್ಮೆಯಾಯಿತು, ಅಳುವೂ ಬಂತು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಹರಳು ಆರಿಸಿಕೊಂಡೆ.

ಅರ್ಧ ತಾಸಾಗಿರಬೇಕು. ತಳದಿಂದ ಕರಿಬೆನ್ನೊಂದು ಮೆಲ್ಲಗೆ ಮೇಲೆದ್ದು ಬಂತು. ಚದುರಿದ್ದ ಕೆಂಪೆಲ್ಲ ಅದರ ತಲೆಯ ಮೇಲೆ ಬಂದು ಸೇರಿಕೊಂಡಿತು.

“ಬಂತು,” ಎಂದ ಅಪ್ಪ, ಕಣ್ಣೊರೆಸಿಕೊಂಡು. ಉಳಿದ ಹರಳುಗಳನ್ನು ನೆಲಕ್ಕೆ ಸುರಿದು ಕೈ ಝಾಡಿಸಿ ಎದ್ದ.

ಕರಡಿ ಚೀಲವನ್ನು ನಾನೇ ಬೆನ್ನಿಗೆ ಹಾಕಿಕೊಂಡೆ. ಮಾತಂದರೆ ಮಾತು. ಅವನು ಅಡ್ಡಿ ಮಾಡಲಿಲ್ಲ.

ಕವಿತಾಳದಲ್ಲಿ ಗುಡುಸಾಬ ಎರಡು ಕಾಟ್ಲಾ ಹಿಡಿದು ನಿಂತಿದ್ದ. ಅಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ, ಗುಟ್ಟು ರಟ್ಟಾದದ್ದು ತಿಳಿಯಿತು. ಕಿವಿಯವರೆಗೂ ಕೆಂಪಾದ. ಆದರೂ ಹೇಳಿದ, “ಇವತ್ತು ಬ್ಯಾಡೋ ಗುಡುಸಾಬ. ಇವತ್ತು ನಾನು ಹಿಡದೀನಿ.”

ಗುಡುಸಾಬ ಅವನ ಬರಿಗೈ ನೋಡಿ, “ಹೌದೇನ್ರಿ ಮಾಮಾ,” ಎಂದು ಮರ್ಯಾದೆಯಿಂದ ತಲೆಯಾಡಿಸಿದ. ಅವನು ನಂಬಲಿಲ್ಲ.

ಸಂಜೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೆಟ್ಟಗಿದ್ದಾನೆಂದು ಖಾತ್ರಿಯಾದ ಮೇಲೆ ಬುತ್ತಿ ಬಟ್ಟೆಗೆ ಕೈಚಾಚಿದಳು. ಅದು ಬರಿದಾಗಿತ್ತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಅವ್ವ ಬಟ್ಟೆ ಹಿಡಿದುಕೊಂಡೇ ಕೇಳಿದಳು. ನನಗೆ ತಡೆಯಲಾಗಲಿಲ್ಲ.

“ಯವ್ವಾ, ಇಷ್ಟು ವರ್ಷ ನಾವು ತಿಂದಿದ್ದು ಬಸ್‌ಸ್ಟ್ಯಾಂಡಿನ ಮೀನು!”

“ಗೊತ್ತದ,” ಎಂದಳು ಅವ್ವ. “ಮೊದಲನೇ ಸಲಾನ ಕಿವಿರಿನಾಗ ಐಸಿನ ಚೂರು ಸಿಕ್ಕಿತ್ತು. ಗುಡ್ಡದ ಮ್ಯಾಲ ಐಸ್ ಯಾರು ಇಟ್ಟಿರತಾರ? ಒಂದು ಮೀನಿನ ಬಾಯಾಗೂ ಗಾಳದ ಗಾಯ ಇರಲಿಲ್ಲ.”

ಅಪ್ಪ ನೆಲ ನೋಡುತ್ತ ನಿಂತ.

“ಮತ್ತ ಯಾಕ ಸುಮ್ಮನಿದ್ದಿ?” ಎಂದೆ.

“ಬುತ್ತಿ ಅರಿವಿ ಬರಿದ ತರಬಾರದು ಅಂದಾಕಿ ನಾನು. ಪಾಪ, ಅವನರ ಏನು ಮಾಡಬೇಕು?” ಅವಳು ಬಟ್ಟೆಯನ್ನು ಝಾಡಿಸಿ ನಾಲ್ಕು ಮಡಿಕೆ ಮಡಚಿದಳು. “ಇವತ್ತು ಬರಿದ ತಂದಾನ. ಅಂದ್ರ ಇವತ್ತು ಖರೇನ ಹಿಡದಾನ.”

ಅಪ್ಪನ ಮುಖ ಆಗ ಹೇಗಾಯಿತೆಂದು ನನಗೆ ಹೇಳಲು ಬರುವುದಿಲ್ಲ. ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ನಾನು ಚೀಲ ಒಯ್ದೆ. ರಾಯಚೂರಿನ ನನ್ನ ಮನೆಯ ಗೂಟದಲ್ಲಿ ಕರಡಿ ಎರಡು ತಿಂಗಳು ನೇತಾಡಿತು. ಡ್ಯೂಟಿಗೆ ಹೋಗುವಾಗ ಬರುವಾಗ ಅದು ನನ್ನನ್ನೇ ನೋಡುತ್ತಿತ್ತು. ಅಪ್ಪ ಫೋನಿನಲ್ಲಿ ಶುಗರಿನ ಮಾತಾಡುತ್ತಿದ್ದ, ಮಳೆಯ ಮಾತಾಡುತ್ತಿದ್ದ, ಗುಡ್ಡದ ಹೆಸರು ಎತ್ತುತ್ತಿರಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ದಸರೆ ಮುಗಿದ ಮೇಲೆ ಅವ್ವನೇ ಫೋನು ಮಾಡಿ ಚೀಲ ತಗೊಂಡು ಬಾ ಎಂದಳು.

“ಮಾತು ಕೊಟ್ಟಾನಲ್ಲ ಯವ್ವಾ?”

“ಮಾತು ಕೊಟ್ಟವ ಅವ. ರೊಟ್ಟಿ ಬಡಿಯಾಕಿ ನಾನು.”

ನಾನು ಹೋದೆ. ಚೀಲದ ಜೇಬು ಜೇಬಿಗೂ ಗ್ಲೂಕೋಸ್ ತುಂಬಿದ್ದೆ, ಬದಿಯ ಜೇಬಿನಲ್ಲಿ ಒಂದು ಹೊಸ ಚಾಕ್‌ಪೀಸಿನ ಡಬ್ಬಿ ಇಟ್ಟಿದ್ದೆ. ಅವ್ವ ಬುತ್ತಿ ಕಟ್ಟುತ್ತಿದ್ದಳು. ಅಭ್ಯಾಸಬಲದಿಂದ ರೊಟ್ಟಿ ಎಣಿಸಿದೆ. ಹದಿಮೂರು ಇದ್ದವು.

“ಯವ್ವಾ, ಒಂದು ಹೆಚ್ಚಾಗ್ಯದ.”

“ಹೆಚ್ಚಾಗಿಲ್ಲ,” ಎಂದು ಅವ್ವ ಗಂಟು ಬಿಗಿದಳು. “ಅದು ನಿಮ್ಮಪ್ಪಂದಲ್ಲ. ಕೆರಿಯಾಗಿನ ತುಟಿ ಹರದಾಕಿಗೆ.”